ಉಗಾಂಡದ ಪೂಜೆ, ಅರಕಲಗೂಡಿನ ಅಜ್ಜಿ

ಕ್ರಿಸ್ಮಸ್ ಹತ್ತಿರ ಬಂದರೆ ಬೇರೆಯವರಿಗೆ ಕೇಕಿನ ಆಸೆ ಹುಟ್ಟುತ್ತದೆ. ನನಗೆ ವಾದದ ಚಟ ಕೆರಳುತ್ತದೆ. ದೇವರಿಲ್ಲ ಎಂದು ಸಾಧಿಸಲು ಸ್ವಂತಕ್ಕೊಬ್ಬ ಪಾದ್ರಿ ಇರುವ ಭಾಗ್ಯ ಎಷ್ಟು ಜನಕ್ಕಿದೆ, ಹೇಳಿ? ನನಗಿದೆ. ಚಿಕ್ಕಪ್ಪನೇ ಪಾದ್ರಿ. ತೊಂದರೆಯೆಂದರೆ ಅವರಿರುವುದು ಉಗಾಂಡದ ಒಂದು ಹಳ್ಳಿಯಲ್ಲಿ. ಹೀಗಾಗಿ ನಮ್ಮ ವಾದವೆಲ್ಲ ಫೋನಿನಲ್ಲಿ. ಮಾತು ತಡವಾಗಿ ತಲುಪುವುದರಿಂದ ಗೆದ್ದವರು ಯಾರೆಂಬುದೂ ತಡವಾಗಿಯೇ ಗೊತ್ತಾಗುತ್ತದೆ.

"ಅಲ್ಲಿಯವರಿಗೆ ಆಗಲೇ ದೇವರಿದ್ದ. ನೀವು ಇನ್ನೊಬ್ಬನನ್ನು ಹೊತ್ಕೊಂಡು ಹೋಗೋ ಅಗತ್ಯ ಏನಿತ್ತು?" ಎಂದು ಒಮ್ಮೆ ಕೇಳಿದ್ದೆ.

"ಹೊತ್ಕೊಂಡು ಬರ್ಲಿಲ್ಲ ಕಣ್ಲಾ. ನಾನು ಬರೋ ಹೊತ್ಗೆ ಇಲ್ಲೇ ಇದ್ದ, ನನಗಿಂತ ಚೆನ್ನಾಗಿ ಹಾಡ್ಕೊಂಡು," ಎಂದರು.

ಆದರೆ ರಾಗಿಯನ್ನಂತೂ ಹೊತ್ತುಕೊಂಡು ಹೋಗಿದ್ದರು. ನಮ್ಮ ಕಡೆ ಡಿಸೆಂಬರ್ ಬಂತೆಂದರೆ ತಟ್ಟೆಗಳಲ್ಲಿ ರಾಗಿ ಚೆಲ್ಲಿ ಪೈರು ಬರಿಸಿ, ಬಾಲಯೇಸುವಿನ ಗೋದಲಿಯ, ಅಂದರೆ ಅವನು ಹುಟ್ಟಿದ ಕೊಟ್ಟಿಗೆಯ ಮಾದರಿಯ, ಮುಂದೆ ಹೊಲವೆಂದು ಇಡುತ್ತಾರೆ. ಆ ಹಸಿರಿಲ್ಲದೆ ಹಬ್ಬವೇ ಆಗದೆಂದು ಚಿಕ್ಕಪ್ಪ ಅರಕಲಗೂಡಿನಿಂದ ಒಂದು ಚೀಲ ರಾಗಿ ಒಯ್ದರು. ಅಲ್ಲಿಳಿದು ನೋಡಿದರೆ ಊರ ತುಂಬಾ ರಾಗಿ ಹೊಲ! ಆ ಧಾನ್ಯ ಆಫ್ರಿಕದ ಆ ಸೀಮೆಯಿಂದಲೇ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದದ್ದೆಂದು ಬಲ್ಲವರು ಹೇಳುತ್ತಾರೆ. ಮಿಷನರಿ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉಪಮೆ ಬೇಡವೆಂದು ನಾನು ಎಷ್ಟೋ ದಿನ ಛೇಡಿಸಿದೆ. ಪುಣ್ಯಾತ್ಮ ನಗುತ್ತಿದ್ದರು.

ಹೋದ ಡಿಸೆಂಬರಿನಲ್ಲಿ ನಗುವ ಸ್ಥಿತಿ ಇರಲಿಲ್ಲ. ಚಿಕ್ಕಪ್ಪನ ತಾಯಿ, ನನ್ನ ಅಜ್ಜಿ, ಹಾಸಿಗೆ ಹಿಡಿದಿದ್ದಳು. ಹಾಸನದ ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಹಾಗೆಂದರೇನೆಂದು ಎಲ್ಲರಿಗೂ ತಿಳಿಯುತ್ತದೆ. ಆದರೆ ಉಗಾಂಡದ ಆ ಸುತ್ತಲ ಹಳ್ಳಿಗಳಿಗೆಲ್ಲ ಚಿಕ್ಕಪ್ಪ ಒಬ್ಬರೇ ಪಾದ್ರಿ. ಅವರು ಹೊರಟರೆ ಅಷ್ಟೂ ಊರುಗಳಲ್ಲಿ ಕ್ರಿಸ್ಮಸ್ ಪೂಜೆ ಇಲ್ಲ. ನಾನು ಫೋನು ಹಚ್ಚಿದೆ. "ಅಷ್ಟೊಂದು ಜನಕ್ಕೆ ತಂದೆ ಅನ್ನಿಸಿಕೊಳ್ಳೋರು, ಒಬ್ಬಳಿಗೆ ಮಗ ಆಗೋಕೆ ಆಗಲ್ವಾ?" ಎಂದೆ. ಸ್ಪರ್ಧೆಯಾಗಿದ್ದರೆ ಬಹುಮಾನದ ಕಪ್ ನನ್ನದೇ. ಎಂದಿನಂತೆ ತಡವಾಗಿ ಚಿಕ್ಕಪ್ಪನ ಉತ್ತರ ಬಂತು.

"ನೀ ಹೇಳೋದು ಸರಿ. ಹೊರಡ್ತೀನಿ. ಅವ್ವಂಗೆ ಹೇಳ್ಬುಡು."

ಗೆದ್ದ ಸುದ್ದಿ ಹೊತ್ತು ಅಜ್ಜಿಯ ಬಳಿ ಹೋದೆ. ಅವಳ ಮುಖ ಒಂದು ಗಳಿಗೆ ಅರಳಿತು. ಆಮೇಲೆ ಕಣ್ಣು ಮುಚ್ಚಿಕೊಂಡಳು.

"ಅಬ್ಬದ್ ದಿನ ಪೂಜೆ ಬುಟ್ಟು ಬತ್ತನೇನ್ಲಾ? ಅಲ್ಲಿ ಗುಡೀಲಿ ಕಾಯ್ತಾ ಕುಂತಿರೋ ಮುದುಕೀರು ನನ್ನಂಗೇ ತಾನೆ? ಅಬ್ಬ ಮುಗಿಸ್ಕಂಡೇ ಬರ್ಲಿ. ನಾನೇನ್ ಓಡೋಯ್ತೀನಾ?"

"ಅಲ್ಲ ಅಜ್ಜಿ, ಅಷ್ಟರೊಳಗೆ..."

"ಸುಮ್ಕಿರ್ಲಾ ಲಾಯ್ರಿ. ಒಂದ್ ಗುಟ್ಕು ನೀರ್ ಬುಡು ಬಾಯ್ಗೆ."

ಪಕ್ಕದ ಮನೆಯ ಜಯಮ್ಮ ಸುಮ್ಮನಿರುವವಳಲ್ಲ. "ಊರ್ಗೆಲ್ಲಾ ಪೂಜೆ ಮಾಡ್ತನಂತೆ, ಎತ್ತವ್ವನ್ ತಾವ ಬರಕ್ಕಾಗಕಿಲ್ವಂತಾ?" ಎಂದಳು.

"ನಿನ್ ಮಗ ಪಕ್ಕದ್ ಬೀದೀಲೇ ಅವ್ನಲ್ಲ, ನಿನ್ ತಾವ ಬಂದಿದ್ಯಾವಾಗ ಜಯಮ್ಮಾ?" ಎಂದಳು ಅಜ್ಜಿ.

ಜಯಮ್ಮ ನಗಲು ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಜ್ಜಿಯ ಮಾತು ಮುಟ್ಟಿಸಿದೆ, ಹಬ್ಬ ಮುಗಿಸಿಯೇ ಹೊರಡಲು ಚಿಕ್ಕಪ್ಪ ಒಪ್ಪಿದರು. ಕ್ರಿಸ್ಮಸ್ ಮಧ್ಯಾಹ್ನ ಚರ್ಚಿನೊಳಗಿಂದಲೇ ವಿಡಿಯೋ ಕರೆ ಮಾಡಿದರು. ಪೂಜೆ ಆಗಷ್ಟೇ ಮುಗಿದಿತ್ತು. ಅವರ ತಾಯಿಗೆ ಹುಷಾರಿಲ್ಲವೆಂದು ತಿಳಿದು ಜನ ಮನೆಗೆ ಹೋಗದೆ ಅವಳಿಗಾಗಿ ಹಾಡುತ್ತಿದ್ದರು. ಡೋಲು, ಚಪ್ಪಾಳೆ, ಕಂಕುಳಲ್ಲಿ ಮಕ್ಕಳನ್ನಿಟ್ಟುಕೊಂಡು ಓಲಾಡುವ ಹೆಂಗಸರು. ನಾನು ಫೋನನ್ನು ಅಜ್ಜಿಯ ಮುಖಕ್ಕೆ ಹಿಡಿದೆ. ಮಗನತ್ತ ಒಮ್ಮೆ ನೋಡಿ, ಹಿಂದಿದ್ದವರನ್ನು ಬಹಳ ಹೊತ್ತು ನೋಡಿದಳು.

"ಇಷ್ಟ್ ಜನ ಅವ್ರಲ್ಲಾ... ಕಾಯ್ಲೆ ಗೀಯ್ಲೆ ಬಿದ್ರೆ ನೋಡ್ಕತಾರೆ ಬುಡು," ಎಂದಳು.

ಅಲ್ಲಿ ಮಗನನ್ನು ನೋಡಿಕೊಳ್ಳುವವರು ಯಾರು? ಇಷ್ಟು ವರ್ಷ ಅವಳ ಎದೆಯಲ್ಲಿ ಕೂತಿದ್ದ ಪ್ರಶ್ನೆ ಇದು. ದೇವರು, ಧರ್ಮ, ಮತಾಂತರ ಎಂದು ಅಷ್ಟೆಲ್ಲ ಕೂಗಾಡಿದ ನನಗೆ ಇದನ್ನು ಕೇಳಲು ತೋಚಿಯೇ ಇರಲಿಲ್ಲ.

ಮಾರನೆಯ ದಿನ, ಚಿಕ್ಕಪ್ಪ ವಿಮಾನ ಹತ್ತುವ ಮೊದಲೇ, ಅಜ್ಜಿ ತೀರಿಕೊಂಡಳು. ಅವರು ಬಂದು ಸೇರಿದಾಗ ಸಮಾಧಿಯ ಮಣ್ಣು ಇನ್ನೂ ಹಸಿಯಾಗಿತ್ತು. ಎದುರಿಗೆ ನಿಂತು ಪ್ರಾರ್ಥನೆ ಶುರು ಮಾಡಿದರು. ಪರದೇಶದಲ್ಲಿ ಎಷ್ಟೋ ತಾಯಂದಿರನ್ನು ಮಣ್ಣು ಮಾಡುವಾಗ ಹೇಳಿದ್ದ ಪ್ರಾರ್ಥನೆಯೇ. ಎರಡು ಸಾಲಿಗೇ ಮಾತು ನಿಂತುಹೋಯಿತು. ಮತ್ತೆ ಮೊದಲಿಂದ ಹಿಡಿದರು, ಅಲ್ಲೇ ನಿಂತಿತು. ಜಯಮ್ಮ ನನ್ನ ಮುಖ ನೋಡಿದಳು. ಉಳಿದದ್ದನ್ನು ನಾನು ಹೇಳಿ ಮುಗಿಸಿದೆ.

ನನಗೆ ನಂಬಿಕೆ ಬಂತೆಂದು ಯಾರೂ ಸಂಭ್ರಮಿಸಬೇಕಾಗಿಲ್ಲ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ನಾಲಿಗೆಯ ಮೇಲೆ ಉಳಿದಿತ್ತು, ಅಷ್ಟೆ. ದೇವರಿದ್ದಾನೆಯೇ ಎಂಬ ವಾದಕ್ಕೆ ಯಾರೇ ಕರೆದರೂ ಬರುತ್ತೇನೆ. ಆ ದಿನ ಮಾತ್ರ ಒಬ್ಬ ಮಗನ ಪ್ರಾರ್ಥನೆ ಅರ್ಧಕ್ಕೆ ನಿಂತಿತ್ತು. ಮಿಕ್ಕ ಸಾಲುಗಳನ್ನು ಯಾರಾದರೂ ಹೇಳಲೇಬೇಕಿತ್ತು.