ಅಣ್ಣನನ್ನು ಆಳು ಎಂದವಳು

ಕಡೂರಿನ ಆಸ್ಪತ್ರೆಗೆ ತಿಂಗಳಿಗೊಮ್ಮೆ ಮಾನಸಿಕ ರೋಗದ ಡಾಕ್ಟರು ಬರುತ್ತಾರೆ. ಆ ದಿನ ನಾನು ತರೀಕೆರೆಯ ಗಂಡನ ಮನೆಯಿಂದ ಅಜ್ಜಂಪುರದ ತವರಿಗೆ ಹೋಗಿ ಅಣ್ಣನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಹೋದ ತಿಂಗಳು ಆಸ್ಪತ್ರೆಯ ಹಜಾರದಲ್ಲಿ ಯಾವುದೋ ಮ್ಯೂಸಿಯಂನವರು ಹಳೆಯ ಹುಚ್ಚಾಸ್ಪತ್ರೆಗಳ ಸಾಮಾನು ತಂದಿಟ್ಟಿದ್ದರು. ಕೈ ಕಟ್ಟುವ ಉದ್ದ ತೋಳಿನ ಅಂಗಿ, ಪಟ್ಟಿ ಬಿಗಿದ ಮಂಚ, ಗಾಜಿನ ಪೆಟ್ಟಿಗೆಯಲ್ಲಿ ಕಾಲಿನ ಸರಪಳಿ.

"ಹಿಂದಿನ ಕಾಲದಲ್ಲಿ ರೋಗಿಗಳನ್ನ ಹೀಗೆ ಕಟ್ತಿದ್ರು," ಅಂತ ಒಬ್ಬ ಹುಡುಗಿ ವಿವರಿಸುತ್ತಿದ್ದಳು.

ನನ್ನ ಮೈ ಉರಿಯಿತು. ಯಾವ ಹಿಂದಿನ ಕಾಲ? ಆರು ವರ್ಷದ ಹಿಂದೆ ನಮ್ಮ ಈರುಳ್ಳಿ ಶೆಡ್ಡಿನ ಕಂಬಕ್ಕೆ ಅಣ್ಣನನ್ನು ಕಟ್ಟಿದವಳು ನಾನು. ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಪ್ಪ ಎತ್ತಿನ ಸರಪಳಿ ತಂದು ನಿಂತೇ ಇದ್ದ. ಕಿತ್ತುಕೊಂಡು ನಾನೇ ಬಿಗಿದೆ. ಅಣ್ಣ ತಾನಾಗಿ ಕಾಲು ಚಾಚಿದ. "ಧೂಳಲ್ಲಿ ಕೂರ್ಬೇಡ ಕಣೇ, ಹೊಸ ಸೀರೆ," ಅಂದ.

ಗಂಡಿನ ಕಡೆಯವರು ಉಪ್ಪಿಟ್ಟು ತಿನ್ನುವಾಗ ಅಣ್ಣ ಹಿತ್ತಲಿಂದ ನನ್ನನ್ನು ಕೂಗಿದ.

"ಯಾರಮ್ಮ ಅದು?" ಅಂದರು ಈಗಿನ ನನ್ನ ಅತ್ತೆ.

"ಈರುಳ್ಳಿ ಕಾಯೋ ಆಳು," ಅಂದೆ. ನಾಲಿಗೆ ತಡವರಿಸಲಿಲ್ಲ.

ನಮ್ಮ ನೆಂಟರೆಲ್ಲ ಬಾಯಿ ಹೊಲಿದುಕೊಂಡರು. ಮದುವೆಯಲ್ಲಿ ಅಣ್ಣ ಮಾಡಬೇಕಾದ ಶಾಸ್ತ್ರ ಚಿಕ್ಕಪ್ಪನ ಮಗ ಮಾಡಿದ. ಗಂಡನ ಮನೆಗೆ ಅಣ್ಣ ಹೋದ ತಿಂಗಳವರೆಗೂ ಆಳೇ. ಆಳನ್ನೂ ಡಾಕ್ಟರಿಗೆ ತೋರಿಸುವ ಸೊಸೆ ಅಂತ ಅತ್ತೆ ಕೇರಿಗೆಲ್ಲ ಹೊಗಳುತ್ತಿದ್ದರು. ನಾಚಿಕೆಗೆಟ್ಟವಳು, ಅದನ್ನೂ ಕೇಳಿಸಿಕೊಂಡು ಕೂತಿರುತ್ತಿದ್ದೆ.

ಆಸ್ಪತ್ರೆಯಲ್ಲಿ ಅಣ್ಣ ಆ ಗಾಜಿನ ಪೆಟ್ಟಿಗೆಗೆ ಮೂಗು ಒತ್ತಿ ನೋಡಿದ. "ಇದು ಭಾರ ಜಾಸ್ತಿ ಕಣಮ್ಮ. ನಂದು ಹಗುರ ಇತ್ತು."

ಹುಡುಗಿ ಬೆಚ್ಚಿದಳು. "ನಿಮ್ಮನ್ನ ಯಾರು ಕಟ್ಟಿದ್ರು?"

ಅಣ್ಣ ಬಾಗಿಲ ಕಡೆ ನೋಡಿದ. ಅಲ್ಲಿ ಚೀಟಿ ಹಿಡಿದು ನಿಂತಿದ್ದವಳು ತರೀಕೆರೆಯಲ್ಲಿ ನಮ್ಮ ಪಕ್ಕದ ಮನೆಯವಳು. ಯಾರನ್ನು ಕರೆತಂದಿದ್ದಳೋ.

"ಯಾರೂ ಇಲ್ಲ. ನಾನು ಇವ್ರ ಮನೆ ಆಳು," ಅಂದ.

ತರೀಕೆರೆಯವರು ಯಾರು ಕಂಡರೂ ಹಾಗೆ ಹೇಳಬೇಕೆಂದು ಪ್ರತಿ ಸಲ ಬಸ್ಸಿನಲ್ಲಿ ಬಾಯಿಪಾಠ ಮಾಡಿಸುತ್ತಿದ್ದವಳು ನಾನೇ. ಅವನು ಒಂದಕ್ಷರವೂ ತಪ್ಪಲಿಲ್ಲ.

"ಆಳಲ್ಲ! ನನ್ನ ಒಡಹುಟ್ಟಿದ ಅಣ್ಣ. ಕಟ್ಟಿದವಳು ನಾನು!"

ಇಡೀ ಸಾಲು ತಿರುಗಿತು. ಪಕ್ಕದ ಮನೆಯವಳು ಸೆರಗು ಬಾಯಿಗಿಟ್ಟುಕೊಂಡಳು.

ಅಣ್ಣ ತಲೆ ಮೇಲೆ ಕೈ ಹೊತ್ತ. "ಏನೇ ಮಾಡ್ಬಿಟ್ಟೆ! ಮನೆಗೆ ಸೇರಿಸ್ತಾರೇನೇ ಇನ್ನ ನಿನ್ನ?"

"ಸೇರಿಸೋದಾದ್ರೆ ಇಬ್ಬರನ್ನೂ ಸೇರಿಸ್ಲಿ."

ಮಾತ್ರೆ ಇಸಿದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆವು. ಅಜ್ಜಂಪುರದ ಬಸ್ಸು ಕಂಡು ಅವನು ಅತ್ತ ಹೊರಟ. ತೋಳು ಹಿಡಿದು ಇನ್ನೊಂದು ಬಸ್ಸಿಗೆ ಹತ್ತಿಸಿದೆ.

"ತರೀಕೆರೆ, ಎರಡು," ಅಂದೆ ಕಂಡಕ್ಟರಿಗೆ.