ಎರಡೂ ಎಡತೋಳು

ಆ ದಿನ ಬೆಳಿಗ್ಗೆ ಹಾಲು ಕಾಯಿಸಿ, ಎಲ್ಲರಿಗೂ ತಿಂಡಿ ಕೊಟ್ಟು, ನಾನೇ ಹೊಲಿದ ಮೊದಲ ಖಣದ ಕುಪ್ಪಸ ತೊಟ್ಟೆ. ಮಧ್ಯಾಹ್ನ ನಾದಿನಿಯ ನಿಶ್ಚಿತಾರ್ಥ. ಬಲಗೈ ಮೇಲೇಳಲೇ ಇಲ್ಲ. ಎರಡೂ ತೋಳನ್ನು ಎಡಗೈಗೇ ಕತ್ತರಿಸಿದ್ದೆ. "ಇದೊಂದ್ ಕೆಟ್ರ ಮಷಿನ್ ಮಾಳಿಗಿಗೆ ಹಾಕ್ತೀನಿ" ಎಂದು ಅತ್ತೆ ಮೊದಲೇ ಹೇಳಿದ್ದರು.

ಓಣಿಯವರೆಲ್ಲ ಚಿಕ್ಕಮ್ಮನಂತೆ ಕಂಡು ಮಾವಶಿ ಎನ್ನುತ್ತಿದ್ದ ಪಕ್ಕದ ಮನೆಯಾಕೆಯ ಬಳಿ ಓಡಿದೆ. ನಿಪ್ಪಾಣಿಯ ನಮ್ಮ ಓಣಿಯಲ್ಲಿ ಹೊಲಿಗೆಯ ಹುಚ್ಚು ಹಿಡಿದವರೆಲ್ಲ ಕೂಡುತ್ತಿದ್ದುದು ಅವರ ಪಡಸಾಲೆಯಲ್ಲೇ. ಮಾವಶಿ ಸದಾ ಹಲ್ಲಿನ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದರು. ಯಾರ ಹೊಲಿಗೆ ಕೆಟ್ಟರೂ ಮೊದಲು ಹೊಟ್ಟೆ ಹಿಡಿದು ನಗುವುದು, ಆಮೇಲೆ ಅದೇ ಮಾತು: "ಮದಿವಿ ಗಂಟೊಂದ್ ಬಿಟ್ಟು ಎಲ್ಲಾ ಬಿಚ್ಚಾಕ ಬರ್ತೈತಿ ಬೇ."

ಅಂದೂ ಮನಸಾರೆ ನಕ್ಕರು. "ಖಣದ ಅರಿವಿ ಉಳದೈತೇನ?"

"ಚೂರೂ ಇಲ್ರಿ."

ಬಲತೋಳು ಬಿಚ್ಚಿ, ಉಲ್ಟಾ ತಿರುಗಿಸಿ ಕೂಡಿಸಿದರು. ಹೊಲಿಗೆಯ ಗೆಳತಿಯೊಬ್ಬಳು ಹಳೆಯ ದಾರ ಕಿತ್ತಳು, ಇನ್ನೊಬ್ಬಳು ಇಸ್ತ್ರಿಪೆಟ್ಟಿಗೆ ತಂದಳು. ಕೈ ಸರಾಗವಾಗಿ ಎದ್ದಿತು. ಆದರೆ ಆ ತೋಳಿಗೆ ಮಾತ್ರ ಖಣದ ಮಾಸಲು ಒಳಮಗ್ಗಲು ಹೊರಗೆ ಬಂದಿತ್ತು.

"ಸೆರಗು ಹೊದ್ಕೊಂಡ್ ಅಡ್ಡಾಡು. ಹಿರ್ಯಾರೂ ಖುಷಿ ಆಗ್ತಾರ" ಎಂದು ಮಾವಶಿ ನನ್ನ ಬಲಭುಜ ಮುಚ್ಚಿ ಕಳಿಸಿದರು.

ಸಂಜೆ ಎದುರುಮನೆಯಾಕೆ ಚಹಾ ಕುಡಿಯುತ್ತ ಅತ್ತೆಗೆ ಹೇಳಿದರು: "ಕಾನ್ವೆಂಟಿನ್ಯಾಗ ಕಲತ್ರೂ ನಿಮ್ ಸೊಸಿ ದಿನಪೂರ್ತಿ ಸೆರಗ ಇಳಿಸ್ಲಿಲ್ಲ ನೋಡ್ರಿ. ಆ ಮಷಿನ್ ಮುಂದ ಕುಂತ ಮ್ಯಾಲ ಭಾಳ ಸುಧಾರಿಸ್ಯಾಳ."