ಎಲ್ಲರೂ ‘ಹೋ’ ಅಂದ ಸರ್ವೆ

ಗೆಳೆಯರೇ, ಇವತ್ತು ನಿಗಡಿಯ ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲಿ ನಮ್ಮ ಮೆಡಿಕಲ್ ಕಾಲೇಜಿನ ಸರ್ವೆ ಇತ್ತು. ನೀರು ಕುದಿಸಿ ಕುಡಿಯುತ್ತೀರಾ ಎಂದು ಸಹಪಾಠಿಗಳು ಮರಾಠಿಯಲ್ಲಿ ಕೇಳಿದರೆ ಎಲ್ಲರದೂ ಒಂದೇ ಉತ್ತರ: “ಹೋ,” ಅಂದರೆ ಹೌದು. ಹೋದ ವಾರ ಇಲ್ಲಿ ಮಾಡಿದ ನಮ್ಮ ಆರೋಗ್ಯ ಭಾಷಣ ಫಲಿಸಿತೆಂದು ಸರ್ ಹಿಗ್ಗಿದರು.

ತಂಡದಲ್ಲಿ ಕನ್ನಡದವಳು ನಾನೊಬ್ಬಳೇ; ನನಗೇಕೋ ಅನುಮಾನ. ಗುಲ್ಬರ್ಗಾ ಕಡೆಯ ಅಜ್ಜಿಯೊಬ್ಬರನ್ನು ಕನ್ನಡದಲ್ಲೇ ಕೇಳಿದೆ: “ಖರೇನ ಕುದಸ್ತೀರೇನ್ರಿ?”

“ಎಲ್ಲಿ ಕುದಸೂದವ್ವಾ? ರೊಟ್ಟಿಗೇ ಕಟಗಿ ಸಾಲಂಗಿಲ್ಲ.”

“ಮತ್ತ ಹೌದು ಅಂದ್ರಿ?”

“ಓದೋ ಮಕ್ಕಳು ಬಿಸಲಾಗ ಬಂದಾವ. ಇಲ್ಲ ಅಂದು ಹ್ಯಾಂಗ ಕಳಸೂದು?”

ಇದನ್ನು ಮರಾಠಿಯಲ್ಲಿ ಹೇಳಿದ್ದೇ ತಡ, ಸರ್ ಫಾರ್ಮುಗಳನ್ನೆಲ್ಲ ಹರಿದು, “ನಾಳೆಯಿಂದ ಇವಳು ಕೇಳಿದ ಹಾಗೇ ಕೇಳಿ” ಎಂದರು. ನನ್ನ ಮರಾಠಿಗೆ ಸದಾ ನಗುವವರೆಲ್ಲ ವಾಪಸ್ ಬರುವಾಗ ಬಸ್ಸಿನಲ್ಲಿ “ಖರೇನ ಕುದಸ್ತೀರೇನ್ರಿ” ಎಂದು ಉರುಹೊಡೆಯುತ್ತಿದ್ದರು.

ನಾನು ನಗಲಿಲ್ಲ. ಉಚ್ಚಾರ ತಪ್ಪಿದವರಿಗೆ ಅಂಕ ಮಾತ್ರ ಕಳೆದೆ.